ಕಾಟನ್ ಮ್ಯಾದರ್ ಬರೆದ ‘ಆದರೂ’

ಪ್ರಶ್ನೆ: ಸೇಲಂ ಮಾಟಗಾತಿಯರ ವಿಚಾರಣೆ ಬಗ್ಗೆ ಎಲ್ಲಿ ಓದಿದರೂ ಕಾಟನ್ ಮ್ಯಾದರ್ ಎಂಬ ಪಾದ್ರಿಯ ಹೆಸರು ಬರುತ್ತದೆ. ಒಂದು ಕಡೆ, ಆ ಹುಚ್ಚಿಗೆಲ್ಲ ಅವನೇ ಕಾರಣ ಅಂತ ಇರುತ್ತದೆ. ಇನ್ನೊಂದು ಕಡೆ, ‘ಹುಷಾರಾಗಿರಿ’ ಅಂತ ನ್ಯಾಯಾಧೀಶರಿಗೆ ಬರೆದವನೇ ಅವನು ಅಂತ ಇರುತ್ತದೆ. ಯಾವುದು ನಿಜ? ಅವನು ಅಲ್ಲಿ ಮಾಡಿದ್ದಾದರೂ ಏನು?

ಉತ್ತರ:

ಎರಡೂ ನಿಜ. ಆ ಮನುಷ್ಯನ ತೊಂದರೆಯೇ ಅದು.

ಮೊದಲು ಊರು ಯಾವುದು ಅಂತ ಹೇಳಿಬಿಡುತ್ತೇನೆ. ಸೇಲಂ ಅಂದ ಕೂಡಲೇ ನಮ್ಮವರಿಗೆ ಈರೋಡ್ ಪಕ್ಕದ ಸೇಲಂ ನೆನಪಾಗುತ್ತದೆ. ಇದು ಅದಲ್ಲ. ಅಮೆರಿಕದ ಪೂರ್ವ ಕರಾವಳಿಯಲ್ಲಿ, ಬಾಸ್ಟನ್‌ಗೆ ಉತ್ತರದಲ್ಲಿರುವ ಒಂದು ಬಂದರು. ಆಗ ಅದು ಇಂಗ್ಲೆಂಡಿನ ಕೈಕೆಳಗಿನ ಮ್ಯಾಸಚೂಸೆಟ್ಸ್ ವಸಾಹತಿನಲ್ಲಿತ್ತು. ಬಂದರಿನ ಪಕ್ಕ ಒಂದು ರೈತರ ಹಳ್ಳಿ, ಸೇಲಂ ವಿಲೇಜ್. ಈಗ ಅದರ ಹೆಸರು ಡ್ಯಾನ್ವರ್ಸ್. 1692ರ ಚಳಿಗಾಲದಲ್ಲಿ ಆ ಹಳ್ಳಿಯ ಪಾದ್ರಿ ಸ್ಯಾಮ್ಯುಯೆಲ್ ಪ್ಯಾರಿಸ್ ಮನೆಯಲ್ಲಿ ಇಬ್ಬರು ಹುಡುಗಿಯರು ಮೈ ತಿರುಚಿಕೊಂಡು ಕಿರುಚೋಕೆ ಶುರು ಮಾಡಿದರು. ಒಬ್ಬಳು ಒಂಬತ್ತು ವರ್ಷದ ಮಗಳು ಬೆಟ್ಟಿ, ಇನ್ನೊಬ್ಬಳು ಹನ್ನೊಂದು ವರ್ಷದ ಅಬಿಗೈಲ್. ಮದ್ದು ನಾಟಲಿಲ್ಲ. ಮಾಟ ಅಂದರು. ಯಾರು ಮಾಡಿಸಿದ್ದು ಅಂತ ಕೇಳಿದರು. ಹುಡುಗಿಯರು ಹೆಸರು ಹೇಳಿದರು.

ಆಮೇಲೆ ನಡೆದದ್ದು ನಿಮಗೆ ಗೊತ್ತೇ ಇದೆ. 1693ರ ಮೇ ಹೊತ್ತಿಗೆ 150ಕ್ಕೂ ಜಾಸ್ತಿ ಜನರ ಮೇಲೆ ಆರೋಪ ಬಿತ್ತು. 14 ಹೆಂಗಸರು, 5 ಗಂಡಸರು ನೇಣಿಗೆ ಹೋದರು. ಜೈಲ್ಸ್ ಕೋರಿ ಎಂಬ ಮುದಿ ರೈತ ಕೋರ್ಟಿನಲ್ಲಿ ವಿಚಾರಣೆಗೆ ಒಪ್ಪಲಿಲ್ಲ ಅಂತ ಎದೆಯ ಮೇಲೆ ಕಲ್ಲು ಹೇರಿ ಕೊಂದರು. ಜೈಲಿನಲ್ಲೇ ಸತ್ತವರು ಕಡಿಮೆ ಅಂದರೂ ಐದು ಜನ. ಯಾರನ್ನೂ ಸುಡಲಿಲ್ಲ. ಸುಟ್ಟರು ಅನ್ನೋದು ಯುರೋಪಿನ ಕಥೆ ಇಲ್ಲಿಗೆ ಅಂಟಿಕೊಂಡದ್ದು. ಇಂಗ್ಲಿಷ್ ಕಾನೂನಿನಲ್ಲಿ ಮಾಟಕ್ಕೆ ನೇಣು.

ಇದರಲ್ಲಿ ಮ್ಯಾದರ್ ಎಲ್ಲಿದ್ದ? ಅವನು ಆ ಹಳ್ಳಿಯ ಪಾದ್ರಿ ಅಲ್ಲ. ನ್ಯಾಯಾಧೀಶ ಅಲ್ಲ. ಒಂದೇ ಒಂದು ವಿಚಾರಣೆಗೂ ಹೋಗಿ ಕೂರಲಿಲ್ಲ, ಹಾಗಂತ ಅವನೇ ಬರೆದಿದ್ದಾನೆ. ಅವನಿದ್ದದ್ದು ಬಾಸ್ಟನ್ನಿನಲ್ಲಿ, ಅಲ್ಲಿನ ನಾರ್ತ್ ಚರ್ಚಿನಲ್ಲಿ. ಆಗ ವಯಸ್ಸು 29. ‘ಕಾಟನ್’ ಅಂದರೆ ಹತ್ತಿ ಅಲ್ಲ; ತಾಯಿಯ ತಂದೆ ಜಾನ್ ಕಾಟನ್ ದೊಡ್ಡ ಪಾದ್ರಿ, ಅವರ ಮನೆತನದ ಹೆಸರನ್ನೇ ಮೊಮ್ಮಗನಿಗೆ ಇಟ್ಟರು. ತಂದೆಯ ತಂದೆ ರಿಚರ್ಡ್ ಮ್ಯಾದರ್ ಕೂಡ ಪಾದ್ರಿ. ತಂದೆ ಇನ್‌ಕ್ರೀಸ್ ಮ್ಯಾದರ್ ಪಾದ್ರಿಯಷ್ಟೇ ಅಲ್ಲ, ಹಾರ್ವರ್ಡ್ ಕಾಲೇಜಿನ ಮುಖ್ಯಸ್ಥ. ಹುಡುಗ ಹನ್ನೊಂದು ತುಂಬಿ ಹನ್ನೆರಡಾಗುವ ಮೊದಲೇ ಹಾರ್ವರ್ಡ್ ಸೇರಿದ, ಹದಿನೈದಕ್ಕೆ ಪದವಿ ಪಡೆದ. ಮಾತಾಡುವಾಗ ತೊದಲುತ್ತಿದ್ದ. ಪಟ್ಟುಹಿಡಿದು ಅದನ್ನು ಗೆದ್ದು ಪ್ರವಚನಕಾರನಾದ. ಕಲಿತ ಮನೆತನದ, ಚುರುಕು ಬುದ್ಧಿಯ, ತನ್ನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೆಮ್ಮೆ ಇದ್ದ ಹುಡುಗ. ಇಂಥವರನ್ನು ನಾವೂ ನೋಡಿದ್ದೇವೆ, ಅಲ್ವಾ?

ಅವನ ಪಾತ್ರ ಅರ್ಥವಾಗಬೇಕಾದರೆ ಸೇಲಂಗೆ ನಾಲ್ಕು ವರ್ಷ ಹಿಂದಕ್ಕೆ ಹೋಗಬೇಕು.

1688, ಬಾಸ್ಟನ್. ಜಾನ್ ಗುಡ್‌ವಿನ್ ಎಂಬ ಗಾರೆ ಕೆಲಸದವನ ನಾಲ್ಕು ಮಕ್ಕಳಿಗೆ ಇದೇ ಥರ ಮೈ ತಿರುಚುವ ಕಾಟ. ಹಿರಿ ಮಗಳು ಮಾರ್ಥಾಗೆ ಹದಿಮೂರು ವರ್ಷ. ಕಾಣೆಯಾದ ಬಟ್ಟೆಯ ವಿಷಯಕ್ಕೆ ಅವಳು ಅಗಸಗಿತ್ತಿಯೊಬ್ಬಳನ್ನು ಕೇಳಿದ್ದಳು. ಆ ಅಗಸಗಿತ್ತಿಯ ತಾಯಿ, ಗ್ಲೋವರ್ ಎಂಬ ಮುದುಕಿ, ಬಂದು ಬಾಯಿಗೆ ಬಂದಂತೆ ಬೈದಿದ್ದಳು. ಕಾಟ ಶುರುವಾದದ್ದು ಆಮೇಲೆ. ಗ್ಲೋವರ್ ಐರ್ಲೆಂಡಿನವಳು, ಬಡವಿ, ಕ್ಯಾಥೊಲಿಕ್. ಕೋರ್ಟಿನಲ್ಲಿ ಐರಿಷ್ ಭಾಷೆ ಬಿಟ್ಟು ಬೇರೆ ಆಡಲಿಲ್ಲ, ದುಭಾಷಿ ಇಟ್ಟುಕೊಂಡು ಕೇಳಿದರು. ಮನೆ ಹುಡುಕಿದಾಗ ಆಡಿನ ಕೂದಲು ತುಂಬಿದ ಚಿಂದಿ ಗೊಂಬೆಗಳು ಸಿಕ್ಕವು.

ಅವಳಿಗೆ ಒಂದು ಪರೀಕ್ಷೆ ಇಟ್ಟರು. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಅಂತ ಶುರುವಾಗುವ ಪ್ರಾರ್ಥನೆ ಇದೆಯಲ್ಲ, ಯೇಸು ತನ್ನ ಶಿಷ್ಯರಿಗೆ ಹೇಳಿಕೊಟ್ಟದ್ದು, ಅದನ್ನು ಒಂದು ತಪ್ಪೂ ಇಲ್ಲದೆ ಹೇಳಬೇಕು. ಮಾಟಗಾತಿಗೆ ಅದು ಬಾಯಿಗೆ ಬರೋದಿಲ್ಲ ಅನ್ನೋದು ನಂಬಿಕೆ. ಒಂದೊಂದು ತುಂಡು ಹೇಳಿಕೊಟ್ಟರೂ ಆಕೆ ಎಡವಿದಳು. ಲ್ಯಾಟಿನ್ನಿನಲ್ಲಾದರೆ ಸಲೀಸಾಗಿ ಹೇಳುತ್ತಿದ್ದಳು, ಆದರೆ ಅಲ್ಲೂ ಒಂದೆರಡು ಮಾತು ನಾಲಿಗೆಗೆ ಸಿಕ್ಕುತ್ತಿರಲಿಲ್ಲ. 1688ರ ನವೆಂಬರ್ 16ರಂದು ಗ್ಲೋವರ್‌ಳನ್ನು ನೇಣಿಗೆ ಹಾಕಿದರು. ಈ ಪ್ರಾರ್ಥನೆಯ ವಿಷಯ ನೆನಪಿಟ್ಟುಕೊಳ್ಳಿ. ಮುಂದೆ ಬರುತ್ತದೆ.

ಮ್ಯಾದರ್ ಆಕೆಯನ್ನು ಜೈಲಿನಲ್ಲಿ ಭೇಟಿ ಮಾಡಿದ. ಅಷ್ಟಕ್ಕೇ ಬಿಡಲಿಲ್ಲ, ಮಾರ್ಥಾಳನ್ನು ತನ್ನ ಮನೆಗೇ ಕರೆದುಕೊಂಡು ಹೋಗಿ ಇಟ್ಟುಕೊಂಡ. ಆ ದಿನಗಳ ಬಗ್ಗೆ ಅವನೇ ಬರೆದಿರುವುದನ್ನು ಓದಿದರೆ ನಗು ತಡೆಯೋಕೆ ಆಗೋದಿಲ್ಲ. ಹುಡುಗಿ ಕಾಣದ ಕುದುರೆ ಏರಿ ಮನೆ ತುಂಬ ಸವಾರಿ ಮಾಡುತ್ತಾಳೆ. ಪ್ಯೂರಿಟನ್ ಪುಸ್ತಕ, ಅಂದರೆ ಮ್ಯಾದರ್‌ನದೇ ಕಟ್ಟುನಿಟ್ಟಿನ ಪ್ರೊಟೆಸ್ಟಂಟ್ ಪಂಥದವರ ಪುಸ್ತಕ, ಕೈಗೆ ಕೊಟ್ಟರೆ ಮೈ ಸೆಟೆದುಕೊಳ್ಳುತ್ತದೆ. ಕ್ವೇಕರ್‌ಗಳ ಪುಸ್ತಕ, ಕ್ಯಾಥೊಲಿಕ್ ಪುಸ್ತಕ, ಅಂದರೆ ಮ್ಯಾದರ್‌ಗೆ ಆಗದವರ ಪುಸ್ತಕ ಕೊಟ್ಟರೆ ಸರಾಗವಾಗಿ ಓದುತ್ತಾಳೆ! ಅವನ ಓದುವ ಕೋಣೆಗೆ ಕರೆತಂದರೆ ದೆವ್ವಗಳೆಲ್ಲ ಓಡಿಹೋದವು ಅಂತ ಶಾಂತಳಾಗುತ್ತಾಳೆ. ಹದಿಮೂರರ ಹುಡುಗಿ ಇಪ್ಪತ್ತೈದರ ಪಾದ್ರಿಯನ್ನು ಪುಸ್ತಕದ ಹಾಗೆ ಓದಿಕೊಂಡಿದ್ದಳು ಅನ್ನೋದು ನನ್ನ ಅಂದಾಜು. ಅವನಿಗೆ ಮಾತ್ರ ಅದು ಹೊಳೆಯಲೇ ಇಲ್ಲ.

ಒಂದು ಒಳ್ಳೆಯ ಮಾತನ್ನೂ ಹೇಳಬೇಕು. ಆ ಮಕ್ಕಳು ಬೇರೆಯವರ ಹೆಸರನ್ನೂ ಬಾಯಿಬಿಟ್ಟಿದ್ದರು. ಮ್ಯಾದರ್ ಆ ಹೆಸರುಗಳನ್ನು ಹೊರಗೆ ಬಿಡಲಿಲ್ಲ. ಪ್ರಾರ್ಥನೆ, ಉಪವಾಸ, ಆರೈಕೆ, ಇಷ್ಟರಲ್ಲೇ ಹುಡುಗಿ ಸುಧಾರಿಸಿದಳು. ಗ್ಲೋವರ್ ಆದಮೇಲೆ ಆ ಪ್ರಕರಣದಲ್ಲಿ ಇನ್ನೊಬ್ಬರು ಸಾಯಲಿಲ್ಲ. 1692ರಲ್ಲೂ ಅವನ ಮೊದಲ ಸಲಹೆ ಇದೇ ಧಾಟಿಯಲ್ಲಿತ್ತು: ಕಾಟಕ್ಕೆ ಸಿಕ್ಕ ಹುಡುಗಿಯರನ್ನು ಒಬ್ಬರಿಂದೊಬ್ಬರನ್ನು ದೂರ ಇಡಿ, ಬೇಕಾದರೆ ಆರು ಜನರನ್ನು ನಾನೇ ನೋಡಿಕೊಳ್ಳುತ್ತೇನೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದರೆ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಆ ಹುಡುಗಿಯರು ಒಟ್ಟಿಗೆ ಇದ್ದದ್ದೇ ದೊಡ್ಡ ಅನಾಹುತ. ಒಬ್ಬಳು ಕಿರುಚಿದರೆ ಉಳಿದವರೂ ಕಿರುಚುತ್ತಿದ್ದರು.

ಆದರೆ ಈ ಗುಡ್‌ವಿನ್ ಮಕ್ಕಳ ಕಥೆಯನ್ನು ಅವನು 1689ರಲ್ಲಿ ಅಚ್ಚು ಹಾಕಿಸಿದ. ಚೆನ್ನಾಗಿ ಓಡಿತು. ಸೇಲಂ ಪಕ್ಕದ ಬೆವರ್ಲಿ ಊರಿನ ಪಾದ್ರಿ ಜಾನ್ ಹೇಲ್, ಆ ಕಾಲವನ್ನು ಕಣ್ಣಾರೆ ಕಂಡವರು, ನ್ಯಾಯಾಧೀಶರು ತಿರುವಿಹಾಕಿದ ಪುಸ್ತಕಗಳಲ್ಲಿ ಇದೂ ಇತ್ತು ಅಂತ ಬರೆದಿಟ್ಟಿದ್ದಾರೆ. ಮಾಟ ಹತ್ತಿದವರು ಹೇಗೆ ಆಡುತ್ತಾರೆ, ಮಾಟಗಾತಿ ಅಂದರೆ ಹೇಗಿರುತ್ತಾಳೆ, ಎಲ್ಲ ಆ ಪುಸ್ತಕದಲ್ಲಿ ವಿವರವಾಗಿತ್ತು. ಅವನು ಬೆಂಕಿ ಹಚ್ಚಲಿಲ್ಲ, ಸರಿ. ಒಣಹುಲ್ಲು ಮಾತ್ರ ಅಚ್ಚುಕಟ್ಟಾಗಿ ಪೇರಿಸಿ ಕೊಟ್ಟ.

ಈಗ 1692ಕ್ಕೆ ಬರೋಣ. ಇಲ್ಲಿ ಸ್ವಲ್ಪ ರಾಜಕೀಯ ಬೇಕು. ಬೇಜಾರು ಮಾಡಿಕೊಳ್ಳಬೇಡಿ, ಇದಿಲ್ಲದೆ ಮುಂದಿನದು ಅರ್ಥವಾಗೋದಿಲ್ಲ.

ವಸಾಹತಿನ ಹಳೆಯ ರಾಜಪತ್ರವನ್ನು, ಅಂದರೆ ಅವರ ಸ್ವಯಮಾಡಳಿತದ ಹಕ್ಕುಪತ್ರವನ್ನು, 1684ರಲ್ಲಿ ಇಂಗ್ಲೆಂಡ್ ರದ್ದು ಮಾಡಿತ್ತು. ಹೊಸದನ್ನು ತರೋಕೆ ಇನ್‌ಕ್ರೀಸ್ ಮ್ಯಾದರ್ 1688ರಲ್ಲಿ ಲಂಡನ್‌ಗೆ ಹೋದರು. ನಾಲ್ಕು ವರ್ಷ ಅಲ್ಲೇ ಇದ್ದು, 1692ರ ಮೇ 14ರಂದು ಹೊಸ ಪತ್ರ ಮತ್ತು ಹೊಸ ಗವರ್ನರ್ ಇಬ್ಬರನ್ನೂ ಹಡಗಿನಲ್ಲಿ ಕರೆತಂದರು. ಗವರ್ನರ್ ವಿಲಿಯಂ ಫಿಪ್ಸ್, ನಮ್ಮ ಕಾಟನ್ ಮ್ಯಾದರ್ ಕೈಯಿಂದಲೇ 1690ರಲ್ಲಿ ದೀಕ್ಷಾಸ್ನಾನ ಪಡೆದವನು. ಲೆಫ್ಟಿನೆಂಟ್ ಗವರ್ನರ್ ವಿಲಿಯಂ ಸ್ಟೌಟನ್, ಇನ್‌ಕ್ರೀಸ್ ಆರಿಸಿದವನು. ಹಡಗು ಇಳಿಯುವಾಗ ಜೈಲುಗಳು ಆಗಲೇ ತುಂಬಿದ್ದವು. ಎರಡು ವಾರದೊಳಗೆ ಫಿಪ್ಸ್ ಒಂದು ವಿಶೇಷ ಕೋರ್ಟು ಮಾಡಿದ. ಅದಕ್ಕೆ ಸ್ಟೌಟನ್ನೇ ಮುಖ್ಯ ನ್ಯಾಯಾಧೀಶ. ಇನ್ನೊಬ್ಬ ನ್ಯಾಯಾಧೀಶ ಜಾನ್ ರಿಚರ್ಡ್ಸ್ ಮ್ಯಾದರ್ ಚರ್ಚಿನವನೇ.

ಒಟ್ಟಿನಲ್ಲಿ ಸರ್ಕಾರ ಅವರದು, ಕೋರ್ಟು ಅವರದು. ಕೋರ್ಟು ತಪ್ಪು ಮಾಡುತ್ತಿದೆ ಅಂದರೆ ಅಪ್ಪ ನಾಲ್ಕು ವರ್ಷ ಕಷ್ಟಪಟ್ಟು ತಂದ ಸರ್ಕಾರವೇ ತಪ್ಪು ಮಾಡುತ್ತಿದೆ ಅಂದ ಹಾಗೆ.

ಕೋರ್ಟಿನ ಮುಂದಿದ್ದ ದೊಡ್ಡ ಪ್ರಶ್ನೆ ಸಾಕ್ಷಿಯದು. ಹುಡುಗಿ ಹೇಳುತ್ತಾಳೆ: ‘ರೆಬೆಕಾ ನರ್ಸ್ ಅಜ್ಜಿಯ ಆಕಾರ ರಾತ್ರಿ ಬಂದು ನನ್ನನ್ನು ಚಿವುಟಿತು.’ ಅಜ್ಜಿ ಆ ಹೊತ್ತಿಗೆ ತನ್ನ ಮನೆಯಲ್ಲಿ ಮಲಗಿದ್ದಳು. ಆದರೂ ಬಂದದ್ದು ಅವಳ ನೆರಳು, ಅವಳು ಸೈತಾನನ ಜೊತೆ ಒಪ್ಪಂದ ಮಾಡಿಕೊಂಡಿದ್ದರಿಂದಲೇ ಅವನು ಅವಳ ರೂಪ ತೊಟ್ಟ ಅನ್ನೋದು ವಾದ. ಇದನ್ನು ನೆರಳಿನ ಸಾಕ್ಷಿ ಅನ್ನೋಣ. ಇದಕ್ಕೆ ಯಾರು ತಾನೇ ಏನು ಉತ್ತರ ಕೊಡೋಕೆ ಆಗುತ್ತದೆ? ‘ನಾನು ಅಲ್ಲಿರಲಿಲ್ಲ’ ಅನ್ನೋ ಮಾತಿಗೆ ಬೆಲೆಯೇ ಇಲ್ಲ.

ಸೈತಾನ ಒಳ್ಳೆಯವರ ರೂಪವನ್ನೂ ತೊಡಬಹುದಲ್ಲ ಅಂತ ನೀವು ಕೇಳಬಹುದು. ಮ್ಯಾದರ್ ಕೇಳಿದ್ದೂ ಅದನ್ನೇ. ಮೇ 31ರಂದು, ಮೊದಲ ವಿಚಾರಣೆಗೆ ಮೊದಲೇ, ಅವನು ರಿಚರ್ಡ್ಸ್‌ಗೆ ಪತ್ರ ಬರೆದ. ಬರೀ ನೆರಳಿನ ಸಾಕ್ಷಿಯ ಮೇಲೆ ಅದು ತಾಳುವುದಕ್ಕಿಂತ ಜಾಸ್ತಿ ಭಾರ ಹೇರಬೇಡಿ ಅಂದ. ಜೂನ್ 10ರಂದು ಬ್ರಿಜೆಟ್ ಬಿಷಪ್ ಎಂಬ ಹೆಂಗಸನ್ನು ನೇಣಿಗೆ ಹಾಕಿದರು. ಇದೇ ಮೊದಲನೆಯದು. ಒಬ್ಬ ನ್ಯಾಯಾಧೀಶ, ನಥಾನಿಯಲ್ ಸಾಲ್ಟನ್‌ಸ್ಟಾಲ್, ಇದು ತನಗೆ ಒಗ್ಗದು ಅಂತ ಕೋರ್ಟು ಬಿಟ್ಟು ಹೋದ. ಸರ್ಕಾರ ಪಾದ್ರಿಗಳ ಅಭಿಪ್ರಾಯ ಕೇಳಿತು. ಜೂನ್ 15ರಂದು ಪಾದ್ರಿಗಳು ಎಂಟು ಅಂಶಗಳ ಉತ್ತರ ಕೊಟ್ಟರು. ಬರೆದ ಕೈ ಮ್ಯಾದರ್‌ನದು.

ಪಾಠ ಮಾಡುವಾಗ ನಾನು ಈ ಪತ್ರವನ್ನು ಮೊದಲ ಏಳು ಅಂಶದವರೆಗೆ ಓದಿಸಿ ನಿಲ್ಲಿಸುತ್ತೇನೆ. ಎಂಟನೆಯದರಲ್ಲಿ ಏನಿರಬಹುದು ಹೇಳಿ ಅನ್ನುತ್ತೇನೆ. ನೀವೂ ಊಹಿಸಿ.

ಒಂದು: ಕಾಟಕ್ಕೆ ಸಿಕ್ಕವರ ಸ್ಥಿತಿ ಕರುಣಾಜನಕ, ಅವರಿಗೆ ನೆರವಾಗಬೇಕು. ಎರಡು: ಮಾಟವನ್ನು ಬಯಲಿಗೆ ತಂದ ಅಧಿಕಾರಿಗಳಿಗೆ ದೇವರು ಕೊಟ್ಟ ಯಶಸ್ಸಿಗೆ ವಂದನೆ. ಇವೆರಡು ಸುಮ್ನೆ ಮರ್ಯಾದೆಯ ಮಾತು. ಆಮೇಲೆ ಬರುವುದು ಗಟ್ಟಿ ಕಾಳು. ಮೂರು: ತುಂಬ ತುಂಬ ಎಚ್ಚರಿಕೆ ಬೇಕು, ಸೈತಾನನ ಮಾತಿನ ಮೇಲಷ್ಟೇ ನಿಂತಿರುವುದನ್ನು ನಂಬಿ ಹೋದರೆ ಅನಾಹುತಗಳ ಸಾಲೇ ಆಗುತ್ತದೆ. ನಾಲ್ಕು: ಆರೋಪಿಗಳನ್ನು, ಅದರಲ್ಲೂ ಒಳ್ಳೆಯ ಹೆಸರಿದ್ದವರನ್ನು, ಮೆತ್ತಗೆ ನಡೆಸಿಕೊಳ್ಳಿ. ಐದು: ವಿಚಾರಣೆಯಲ್ಲಿ ಗದ್ದಲ, ಗುಂಪು ಬೇಡ, ಸಂಶಯದ ಪರೀಕ್ಷೆಗಳು ಬೇಡ. ಆರು: ಸೈತಾನ ಅಮಾಯಕರ ರೂಪದಲ್ಲೂ ಬರಬಹುದು, ಆದ್ದರಿಂದ ನೆರಳು ಕಂಡಿತು ಅಂತ ಅಪರಾಧಿ ಅನ್ನಬೇಡಿ. ಏಳು: ಆರೋಪಿ ನೋಡಿದಾಗ ಹುಡುಗಿ ಬಿದ್ದಳು, ಮುಟ್ಟಿದಾಗ ಎದ್ದಳು ಅನ್ನೋದೂ ಖಚಿತ ಸಾಕ್ಷಿ ಅಲ್ಲ. ಇಂಥ ಸಾಕ್ಷಿಗಳನ್ನು ನಂಬೋದು ಬಿಟ್ಟುಬಿಟ್ಟರೆ ಈ ಪೀಡೆಯೇ ನಿಂತರೂ ನಿಲ್ಲಬಹುದು.

ಕೊನೆಯ ಮಾತನ್ನು ಇನ್ನೊಮ್ಮೆ ಓದಿ. ಔಷಧ ಅವನ ಕೈಯಲ್ಲೇ ಇತ್ತು! ಹತ್ತೊಂಬತ್ತು ನೇಣಿನಲ್ಲಿ ಆಗ ಆಗಿದ್ದದ್ದು ಒಂದೇ.

ವಿದ್ಯಾರ್ಥಿಗಳು ಸಾಮಾನ್ಯವಾಗಿ ಹೇಳುವುದು, ‘ಆದ್ದರಿಂದ ವಿಚಾರಣೆ ನಿಲ್ಲಿಸಿ ಅಂತ ಇರಬೇಕು ಸರ್’ ಅಂತ. ಎಂಟನೆಯದು ಹೀಗೆ ಶುರುವಾಗುತ್ತದೆ: ‘ಆದರೂ’. ಆದರೂ, ತಪ್ಪಿತಸ್ಥರಾಗಿ ಕಂಡವರ ಮೇಲೆ ದೇವರ ಕಟ್ಟಳೆ ಮತ್ತು ಇಂಗ್ಲೆಂಡಿನ ಕಾನೂನಿನ ಪ್ರಕಾರ ಬೇಗನೆ, ಬಿರುಸಾಗಿ ಕ್ರಮ ಜರುಗಿಸಬೇಕೆಂದು ಸರ್ಕಾರಕ್ಕೆ ವಿನಯದಿಂದ ಶಿಫಾರಸು ಮಾಡುತ್ತೇವೆ.

ಸ್ಟೌಟನ್‌ಗೆ ಬೇಕಾಗಿದ್ದದ್ದು ಅಷ್ಟೇ. ಜುಲೈ 19ರಂದು ಐದು ಹೆಂಗಸರನ್ನು ಒಟ್ಟಿಗೆ ನೇಣಿಗೆ ಹಾಕಿದರು. ಎಪ್ಪತ್ತು ದಾಟಿದ ರೆಬೆಕಾ ನರ್ಸ್ ಅವರಲ್ಲಿ ಒಬ್ಬಳು. ಒಂದು ಪತ್ರದಲ್ಲಿ ಐದು ಸಲ ‘ನಿಧಾನ’ ಅಂತ ಬರೆದು ಕೊನೆಯಲ್ಲಿ ‘ಬೇಗ’ ಅಂತ ಬರೆದರೆ ಓದುವವನು ತನಗೆ ಬೇಕಾದ್ದನ್ನೇ ಎತ್ತಿಕೊಳ್ಳುತ್ತಾನೆ. ಸರ್ಕಾರಿ ಪತ್ರ ಬರೆದು ಅಭ್ಯಾಸ ಇರುವವರಿಗೆ ಇದು ಹೊಸದಲ್ಲ.

ಮ್ಯಾದರ್‌ಗೂ ಇದು ಗೊತ್ತಿತ್ತು ಅನ್ನೋಕೆ ನನ್ನ ಬಳಿ ಒಂದು ಆಧಾರ ಇದೆ. ಐದು ವರ್ಷದ ಮೇಲೆ, 1697ರಲ್ಲಿ, ಅವನು ಫಿಪ್ಸ್‌ನ ಜೀವನಚರಿತ್ರೆ ಬರೆದ. ಪಾದ್ರಿಗಳು ಎಷ್ಟು ಎಚ್ಚರಿಕೆ ಹೇಳಿದ್ದರು ನೋಡಿ ಅಂತ ಇದೇ ಪತ್ರವನ್ನು ಅದರಲ್ಲಿ ಸೇರಿಸಿದ. ಆದರೆ ಮೊದಲನೆಯ, ಎರಡನೆಯ, ಎಂಟನೆಯ ಅಂಶಗಳು ಅಲ್ಲಿಲ್ಲ. ಮರೆತುಹೋಗಿರಬಹುದು ಅನ್ನೋಕೆ ಅವನು ಮರೆಯುವ ಜಾತಿಯವನಲ್ಲ.

ಇನ್ನು ಆಗಸ್ಟ್ 19. ಎಲ್ಲರೂ ಅವನನ್ನು ಬೈಯುವುದು ಈ ದಿನಕ್ಕಾಗಿ. ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಆ ದಿನ ಐದು ಜನರನ್ನು ಗಾಡಿಯಲ್ಲಿ ಸೇಲಂ ಬೀದಿಗಳಲ್ಲಿ ಕರೆದೊಯ್ದರು. ಜಾರ್ಜ್ ಬರೋಸ್, ಜಾನ್ ಪ್ರಾಕ್ಟರ್, ಜಾನ್ ವಿಲ್ಲರ್ಡ್, ಮುದುಕ ಜಾರ್ಜ್ ಜೇಕಬ್ಸ್, ಮತ್ತು ಮಾರ್ಥಾ ಕ್ಯಾರಿಯರ್. ಬರೋಸ್ ಕೂಡ ಪಾದ್ರಿ, ಹಾರ್ವರ್ಡಿನಲ್ಲೇ ಓದಿದವನು. ಪ್ಯಾರಿಸ್‌ಗಿಂತ ಮೊದಲು 1680ರಿಂದ ಕೆಲವು ವರ್ಷ ಅದೇ ಹಳ್ಳಿಯಲ್ಲಿ ಕೆಲಸ ಮಾಡಿದ್ದ. ಸಂಬಳ, ಸಾಲದ ಜಗಳವಾಗಿ ಬಿಟ್ಟುಹೋಗಿದ್ದ. ಮೇನ್ ಪ್ರದೇಶದ ಗಡಿ ಊರಿನಲ್ಲಿದ್ದವನನ್ನು ಹಿಡಿದು ತಂದು ಮಾಟಗಾತಿಯರ ಗುಂಪಿಗೆಲ್ಲ ಇವನೇ ನಾಯಕ ಅಂದರು. ಅವನ ಮೇಲಿನ ಒಂದು ಸಾಕ್ಷಿ ಏನು ಗೊತ್ತಾ? ಕುಳ್ಳಗಿದ್ದರೂ ವಿಪರೀತ ಶಕ್ತಿ, ಉದ್ದನೆಯ ಬಂದೂಕಿನ ನಳಿಗೆಗೆ ಬೆರಳು ತೂರಿಸಿ ಎತ್ತಿಬಿಡುತ್ತಾನೆ. ಮನುಷ್ಯಮಾತ್ರನಿಗೆ ಅದು ಆಗದು, ಸೈತಾನನೇ ಕೈ ಜೋಡಿಸಿರಬೇಕು.

ಬರೋಸ್ ಏಣಿ ಹತ್ತಿದ. ತಾನು ನಿರಪರಾಧಿ ಅಂತ ಸಮಾಧಾನದಿಂದ ಮಾತಾಡಿದ. ಕೊನೆಗೆ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಶುರು ಮಾಡಿದ. ಒಂದಕ್ಷರ ತಪ್ಪದೆ ಮುಗಿಸಿದ.

ಜನ ಅತ್ತರು. ಇವರು ನೇಣನ್ನೇ ತಡೆಯುತ್ತಾರೇನೋ ಅನ್ನುವ ಹಾಗಾಯಿತು. ಆಪಾದನೆ ಮಾಡಿದ ಹುಡುಗಿಯರು ಮಾತ್ರ, ಕಪ್ಪು ಮನುಷ್ಯ, ಅಂದರೆ ಸೈತಾನ, ಪಕ್ಕದಲ್ಲಿ ನಿಂತು ಹೇಳಿಕೊಡುತ್ತಿದ್ದಾನೆ ಅಂದರು. ಬರೋಸ್‌ನನ್ನು ಏಣಿಯಿಂದ ತಳ್ಳಿದರು. ಆಗ ಕುದುರೆ ಮೇಲಿದ್ದ ಮ್ಯಾದರ್ ಜನರನ್ನುದ್ದೇಶಿಸಿ ಮಾತಾಡಿದ. ಇವನಿಗೆ ಪಾದ್ರಿ ದೀಕ್ಷೆಯೇ ಆಗಿಲ್ಲ, ಸೈತಾನ ಎಷ್ಟೋ ಸಲ ಬೆಳಕಿನ ದೇವದೂತನ ವೇಷದಲ್ಲಿ ಬಂದಿದ್ದಾನೆ ಅಂದ. ಜನ ತಣ್ಣಗಾದರು. ಉಳಿದ ನಾಲ್ವರ ಸರದಿ ಬಂತು.

ಇದನ್ನು ಹೇಳುವಾಗ ಅನೇಕರು, ಮ್ಯಾದರ್ ಮಾತಾಡಿದ್ದರಿಂದ ಬರೋಸ್ ಸತ್ತ ಅನ್ನುತ್ತಾರೆ. ಹಾಗಲ್ಲ. ಅವನು ಬಾಯಿ ತೆರೆದಾಗ ಬರೋಸ್ ಆಗಲೇ ಹಗ್ಗದಲ್ಲಿದ್ದ. ಆ ಮಾತು ಬಲಿ ತೆಗೆದುಕೊಂಡದ್ದು ಉಳಿದ ನಾಲ್ವರನ್ನು. ಜನ ತಿರುಗಿಬಿದ್ದಿದ್ದರೆ ಅವರು ಉಳಿಯುತ್ತಿದ್ದರೋ ಏನೋ. ಇನ್ನೊಂದು ಎಚ್ಚರಿಕೆ: ಈ ವಿವರ ಬಂದಿರುವುದು ಬಾಸ್ಟನ್ನಿನ ಬಟ್ಟೆ ವ್ಯಾಪಾರಿ ರಾಬರ್ಟ್ ಕೇಲಫ್ 1700ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ ಪುಸ್ತಕದಿಂದ. ಕೇಲಫ್‌ಗೂ ಮ್ಯಾದರ್‌ಗೂ ಎಣ್ಣೆ ಸೀಗೆಕಾಯಿ ಸಂಬಂಧ. ಆದರೆ ಕುದುರೆಯ ಮಾತು ಬಿಟ್ಟರೂ ಮ್ಯಾದರ್ ಅಲ್ಲಿದ್ದದ್ದು ಸುಳ್ಳಲ್ಲ. ನ್ಯಾಯಾಧೀಶರಲ್ಲಿ ಒಬ್ಬನಾದ ಸ್ಯಾಮ್ಯುಯೆಲ್ ಸೀವಾಲ್ ಅದೇ ದಿನದ ದಿನಚರಿಯಲ್ಲಿ, ಮಿಸ್ಟರ್ ಮ್ಯಾದರ್ ಅಲ್ಲಿದ್ದರು, ಇವರೆಲ್ಲ ನ್ಯಾಯವಾದ ತೀರ್ಪಿನಿಂದಲೇ ಸತ್ತರು ಎಂದರು ಅಂತ ಬರೆದಿದ್ದಾನೆ. ಸೀವಾಲ್ ಅವನ ಸ್ನೇಹಿತ.

ಈಗ ಗ್ಲೋವರ್‌ಳನ್ನು ನೆನೆಸಿಕೊಳ್ಳಿ. ಪ್ರಾರ್ಥನೆ ಹೇಳೋಕೆ ಬರಲಿಲ್ಲ, ಆದ್ದರಿಂದ ಮಾಟಗಾತಿ. ಬರೋಸ್ ಸೊಗಸಾಗಿ ಹೇಳಿದ, ಆದ್ದರಿಂದ ಸೈತಾನನ ವೇಷ. ಇಬ್ಬರ ಮುಂದೆಯೂ ಇದ್ದವನು ಒಬ್ಬನೇ ಪಾದ್ರಿ.

ಸೆಪ್ಟೆಂಬರ್ 22ರಂದು ಇನ್ನೂ ಎಂಟು ಜನ ನೇಣಿಗೆ ಹೋದರು. ಅದೇ ತಿಂಗಳು ಮ್ಯಾದರ್ ಕೋರ್ಟಿನ ಗುಮಾಸ್ತನಿಗೆ ಪತ್ರ ಬರೆದು ವಿಚಾರಣೆಗಳ ಕಾಗದ ತರಿಸಿಕೊಳ್ಳುತ್ತಿದ್ದ. ಕೋರ್ಟಿನ ಪರವಾಗಿ ಒಂದು ಪುಸ್ತಕ ಬರೆಯಬೇಕಿತ್ತು. ಅದೇ ‘ವಂಡರ್ಸ್ ಆಫ್ ದಿ ಇನ್‌ವಿಸಿಬಲ್ ವರ್ಲ್ಡ್’, ಕಾಣದ ಲೋಕದ ಅಚ್ಚರಿಗಳು. ಬರೋಸ್ ಸೇರಿ ಐದು ಜನರ ವಿಚಾರಣೆಯನ್ನು ಅದರಲ್ಲಿ ಹೇಳಿದ. ನಾನು ವಕೀಲನಾಗಿ ಅಲ್ಲ, ಇತಿಹಾಸಕಾರನಾಗಿ ಹೇಳುತ್ತಿದ್ದೇನೆ ಅಂದ. ಆರಿಸಿಕೊಂಡದ್ದು ಮಾತ್ರ ಸಾಕ್ಷಿ ತಕ್ಕಮಟ್ಟಿಗೆ ಬಲವಾಗಿದ್ದ ಐದನ್ನೇ. ರೆಬೆಕಾ ನರ್ಸ್ ಪ್ರಕರಣದಲ್ಲಿ ಜ್ಯೂರಿ ಮೊದಲು ‘ನಿರ್ದೋಷಿ’ ಅಂದು, ಸ್ಟೌಟನ್ ಮತ್ತೆ ಯೋಚಿಸಲು ಕಳಿಸಿದ ಮೇಲೆ ‘ದೋಷಿ’ ಅಂದಿತ್ತು. ಅದು ಆ ಐದರಲ್ಲಿ ಇಲ್ಲ. ಹೋಗದ ಕೋರ್ಟಿನ ಕಥೆಯನ್ನು ಕಾಗದ ನೋಡಿ ಬರೆದ ಈ ಪುಸ್ತಕವೇ ಅವನ ಹೆಸರಿಗೆ ಶಾಶ್ವತವಾಗಿ ಮಸಿ ಬಳಿದದ್ದು. ಇದನ್ನು ಬರೆಯದಿದ್ದರೆ ನೀವು ಇವತ್ತು ಅವನ ಬಗ್ಗೆ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ, ಸ್ಟೌಟನ್ ಬಗ್ಗೆ ಕೇಳುತ್ತಿದ್ದಿರಿ.

ತಮಾಷೆ ನೋಡಿ, ಅದೇ ಹೊತ್ತಿಗೆ ಅಪ್ಪ ಇನ್ನೊಂದು ಬರೆಯುತ್ತಿದ್ದರು. ಅಕ್ಟೋಬರ್ 3ರಂದು ಇನ್‌ಕ್ರೀಸ್ ಪಾದ್ರಿಗಳ ಸಭೆಯ ಮುಂದೆ ತಮ್ಮ ಬರಹ ಇಟ್ಟರು. ಒಬ್ಬ ನಿರಪರಾಧಿಯನ್ನು ಶಿಕ್ಷಿಸುವುದಕ್ಕಿಂತ ಸಂಶಯದ ಹತ್ತು ಮಾಟಗಾತಿಯರು ತಪ್ಪಿಸಿಕೊಂಡರೂ ಪರವಾಗಿಲ್ಲ ಅಂದರು. ಹದಿನಾಲ್ಕು ಪಾದ್ರಿಗಳು ಅದಕ್ಕೆ ಸಹಿ ಹಾಕಿದರು. ಮಗ ಹಾಕಲಿಲ್ಲ. ಹಾಕಿದರೆ ನ್ಯಾಯಾಧೀಶರನ್ನು ಬಿಟ್ಟುಕೊಟ್ಟ ಹಾಗಾಗುತ್ತದೆ ಅನ್ನೋದು ಅವನ ಚಿಂತೆ. ಅಪ್ಪನೂ ಪೂರ್ತಿ ಬಿಟ್ಟುಕೊಡಲಿಲ್ಲ ಅನ್ನಿ. ಬರೋಸ್ ವಿಚಾರಣೆಯಲ್ಲಿ ಕೂತಿದ್ದೆ, ನಾನು ನ್ಯಾಯಾಧೀಶನಾಗಿದ್ದರೂ ಬಿಡುಗಡೆ ಮಾಡುತ್ತಿರಲಿಲ್ಲ ಅಂತ ಕೊನೆಯಲ್ಲಿ ಸೇರಿಸಿದರು. ‘ಆದರೂ’ ಆ ಮನೆತನದ ಕಾಯಿಲೆ. ಅಕ್ಟೋಬರ್ ಮುಗಿಯುವ ಮೊದಲು ಫಿಪ್ಸ್ ಆ ಕೋರ್ಟು ಮುಚ್ಚಿದ. 1693ರಲ್ಲಿ ಹೊಸ ಕೋರ್ಟು ನೆರಳಿನ ಸಾಕ್ಷಿಯನ್ನು ಪಕ್ಕಕ್ಕಿಟ್ಟಿತು. ಹೆಚ್ಚುಕಡಿಮೆ ಎಲ್ಲರೂ ಬಿಡುಗಡೆಯಾದರು. ಜೂನ್ 15ರ ಪತ್ರದ ಏಳನೆಯ ಅಂಶ ಹೇಳಿದ್ದು ಇದನ್ನೇ.

‘ಆ ಕಾಲವೇ ಹಾಗಿತ್ತು, ಅವನೊಬ್ಬನನ್ನೇ ಯಾಕೆ ಬೈಯಬೇಕು?’ ಅಂತ ಕೆಲವರು ಕೇಳುತ್ತಾರೆ. ಕಾಲ ಹಾಗಿತ್ತು ನಿಜ. ಮಾಟ ಇದೆ ಅಂತ ಎಲ್ಲರೂ ನಂಬಿದ್ದರು, ವಿರೋಧಿ ಕೇಲಫ್ ಕೂಡ ಮಾಟವೇ ಸುಳ್ಳು ಅನ್ನಲಿಲ್ಲ. ಆದರೆ ನಂಬಿಕೆ ಇದ್ದವರೆಲ್ಲ ಒಂದೇ ಥರ ನಡೆದುಕೊಂಡರಾ? ಸ್ಯಾಮ್ಯುಯೆಲ್ ವಿಲ್ಲರ್ಡ್ ಎಂಬ ಪಾದ್ರಿಯನ್ನು ನೋಡಿ. ಅವನೂ ಪ್ಯೂರಿಟನ್ನೇ. 1671ರಲ್ಲಿ ಗ್ರಾಟನ್ ಎಂಬ ಹಳ್ಳಿಯಲ್ಲಿದ್ದಾಗ ಅವನ ಮನೆಗೆಲಸದ ಹುಡುಗಿ ಎಲಿಜಬೆತ್ ನ್ಯಾಪ್‌ಗೆ ಇದೇ ಕಾಟ. ಪಕ್ಕದ ಮನೆಯಾಕೆ ಮಾಡಿಸಿದಳು ಅಂದಳು. ವಿಲ್ಲರ್ಡ್ ಪೊಲೀಸು ಕೋರ್ಟು ಅನ್ನಲಿಲ್ಲ. ಆ ಹೆಂಗಸನ್ನು ಕರೆಸಿ ಹುಡುಗಿಯ ಜೊತೆ ಪ್ರಾರ್ಥನೆಗೆ ಕೂರಿಸಿದ. ಹುಡುಗಿ ಮಾತು ಹಿಂದಕ್ಕೆ ತೆಗೆದುಕೊಂಡಳು. ವಿಚಾರಣೆ ಇಲ್ಲ, ನೇಣಿಲ್ಲ. 1692ರಲ್ಲಿ ಇದೇ ವಿಲ್ಲರ್ಡ್ ಬಾಸ್ಟನ್ನಿನಲ್ಲಿ ಪಾದ್ರಿ. ಕೋರ್ಟಿನ ಕ್ರಮವನ್ನು ಟೀಕಿಸಿ ಹೆಸರಿಲ್ಲದೆ ಒಂದು ಪುಸ್ತಿಕೆ ಬರೆದ. ಅವನ ಹೆಸರನ್ನೂ ಒಬ್ಬಳು ಹುಡುಗಿ ಹೇಳಿದಾಗ ನ್ಯಾಯಾಧೀಶರು, ನೀನು ಯಾರನ್ನೋ ಅಂದುಕೊಂಡು ಹೇಳಿದೆ ಅಂತ ಸುಮ್ಮನಾಗಿಸಿದರು.

ಮ್ಯಾದರ್‌ಗೆ ಧೈರ್ಯವೇ ಇರಲಿಲ್ಲ ಅಂತಲೂ ಹೇಳೋಕೆ ಆಗೋದಿಲ್ಲ. 1721ರಲ್ಲಿ ಬಾಸ್ಟನ್‌ಗೆ ಸಿಡುಬು ಬಂತು. ಅವನ ಮನೆಯಲ್ಲಿದ್ದ ಗುಲಾಮ ಒನೆಸಿಮಸ್ ಎಂಬ ಆಫ್ರಿಕದವನು, ನಮ್ಮ ಕಡೆ ಸಿಡುಬಿನ ಕೀವನ್ನು ಚರ್ಮ ಗೀರಿ ಒಳಗೆ ಹಾಕುತ್ತಾರೆ, ಆಮೇಲೆ ರೋಗ ಬರೋದಿಲ್ಲ ಅಂತ ಹಿಂದೆಯೇ ಹೇಳಿದ್ದ. ಮ್ಯಾದರ್ ಅದನ್ನು ನಂಬಿದ. ವೈದ್ಯ ಝಬ್ಡಿಯಲ್ ಬಾಯ್ಲ್‌ಸ್ಟನ್‌ನನ್ನು ಒಪ್ಪಿಸಿದ. ಊರೆಲ್ಲ ತಿರುಗಿಬಿತ್ತು, ಮನೆಯ ಕಿಟಕಿಯಿಂದ ಒಳಗೆ ಬಾಂಬ್ ಎಸೆದರು. ಅವನು ಹಿಂದೆ ಸರಿಯಲಿಲ್ಲ. ಆ ವರ್ಷ ರೋಗ ತಗುಲಿದ ಸುಮಾರು 6,000 ಜನರಲ್ಲಿ 844 ಜನ ಸತ್ತರು. ಬಾಯ್ಲ್‌ಸ್ಟನ್ ಹೀಗೆ ಕೀವು ಹಾಕಿದ ಸುಮಾರು 240 ಜನರಲ್ಲಿ ಸತ್ತದ್ದು ಆರು. ಆಗ ಎದುರಿಗೆ ಇದ್ದವರು ಊರಿನ ವೈದ್ಯರು, ಪತ್ರಿಕೆಯವರು. ತನ್ನವರ ಸರ್ಕಾರ ಅಲ್ಲ. ನನ್ನ ಪ್ರಕಾರ ವ್ಯತ್ಯಾಸ ಇರೋದು ಅಲ್ಲೇ.

(ಒಂದು ಅಡ್ಡಮಾತು. ಮದ್ರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಆಗಿದ್ದ ಎಲಿಹು ಯೇಲ್‌ಗೆ 1718ರಲ್ಲಿ ಪತ್ರ ಬರೆದು, ಕನೆಕ್ಟಿಕಟ್ಟಿನ ಬಡ ಕಾಲೇಜಿಗೆ ದುಡ್ಡು ಕೊಟ್ಟರೆ ನಿಮ್ಮ ಹೆಸರನ್ನೇ ಇಡಬಹುದು ಅಂತ ಪುಸಲಾಯಿಸಿದವನೂ ಇದೇ ಮ್ಯಾದರ್. ಯೇಲ್ ಸರಕಿನ ಮೂಟೆ, ಪುಸ್ತಕ ಕಳಿಸಿದ. ಹೆಸರು ಉಳಿಯಿತು. ತರಂಗಂಬಾಡಿಯ ಮಿಷನರಿಗಳ ಜೊತೆಗೂ ಅವನಿಗೆ ಪತ್ರವ್ಯವಹಾರ ಇತ್ತು.)

ಹಾಗಾದರೆ ನನ್ನ ಉತ್ತರ ಇಷ್ಟು. ಸೇಲಂ ಹುಚ್ಚನ್ನು ಅವನು ಶುರು ಮಾಡಲಿಲ್ಲ. ಶುರುವಾಗುವ ಕಡೆ ಪ್ಯಾರಿಸ್, ನೇಣಿನ ಕಡೆ ಸ್ಟೌಟನ್, ಇಬ್ಬರ ಪಾಲೂ ಅವನದಕ್ಕಿಂತ ದೊಡ್ಡದು. ಆದರೆ ಸಾಕ್ಷಿ ಸರಿಯಿಲ್ಲ ಅಂತ ಮೊದಲೇ ಗೊತ್ತಿದ್ದ, ನಿಲ್ಲಿಸಿ ಅಂದರೆ ಕೇಳಿಸಿಕೊಳ್ಳುವ ಜಾಗದಲ್ಲಿದ್ದ ಕೆಲವೇ ಜನರಲ್ಲಿ ಅವನೊಬ್ಬ. ಗೊತ್ತಿಲ್ಲದೆ ತಪ್ಪಿದವರಿಗಿಂತ ಅವನನ್ನು ಜಾಸ್ತಿ ಪ್ರಶ್ನಿಸುವುದು ಅದಕ್ಕೆ.

ಅವನಿಗೆ ಪಶ್ಚಾತ್ತಾಪ ಆಯಿತಾ ಅಂತ ಮುಂದಿನ ಪ್ರಶ್ನೆ ಬರುತ್ತದೆ, ಅದಕ್ಕೂ ಹೇಳಿಬಿಡುತ್ತೇನೆ. 1697ರ ಜನವರಿ 14ನ್ನು ಸರ್ಕಾರ ಉಪವಾಸದ ದಿನ ಅಂತ ಸಾರಿತು, 1692ರ ತಪ್ಪಿಗೆ ದೇವರ ಕ್ಷಮೆ ಕೇಳೋಕೆ. ಆ ದಿನ ನ್ಯಾಯಾಧೀಶ ಸೀವಾಲ್ ತನ್ನ ಚರ್ಚಿಗೆ ಹೋಗಿ ಒಂದು ಚೀಟಿಯನ್ನು ಪಾದ್ರಿಯ ಕೈಗೆ ಕೊಟ್ಟ. ಪಾದ್ರಿ ಬೇರೆ ಯಾರೂ ಅಲ್ಲ, ವಿಲ್ಲರ್ಡ್. ತಪ್ಪೂ ಅವಮಾನವೂ ತನ್ನವೇ ಅಂತ ಬರೆದಿದ್ದ ಆ ಚೀಟಿಯನ್ನು ವಿಲ್ಲರ್ಡ್ ಗಟ್ಟಿಯಾಗಿ ಓದಿ ಮುಗಿಸುವವರೆಗೆ ಸೀವಾಲ್ ಎಲ್ಲರ ಮುಂದೆ ಎದ್ದು ನಿಂತಿದ್ದ.

ಮ್ಯಾದರ್ ಮರುದಿನ, 15ರಂದು, ದಿನಚರಿ ಬರೆದ. ಹಿಂದಿನ ರಾತ್ರಿ ಮನಸ್ಸು ಕುಗ್ಗಿಸುವ ಯೋಚನೆಗಳು ಕಾಡಿದವಂತೆ. ನ್ಯಾಯಾಧೀಶರನ್ನು ತಡೆಯೋಕೆ ತಾನು ಸಾಕಷ್ಟು ಬಿರುಸಾಗಿ ಮುಂದೆ ಬರಲಿಲ್ಲ, ಅದಕ್ಕೆ ದೇವರ ಸಿಟ್ಟು ತನ್ನ ಸಂಸಾರದ ಮೇಲೆ ಬೀಳುತ್ತದೇನೋ ಅಂತ ಭಯ. ಬೆಳಿಗ್ಗೆ ಮನೆಯವರ ಜೊತೆ ಕೂತು ಪ್ರಾರ್ಥನೆ ಮಾಡಿದ. ಕಣ್ಣೀರು ಬಂತು. ಆ ಸಿಟ್ಟು ಸಂಸಾರದ ಮೇಲೆ ಬೀಳುವುದಿಲ್ಲ ಅಂತ ದೇವರಿಂದ ಭರವಸೆ ಸಿಕ್ಕಿತು ಅಂತ ಬರೆದುಕೊಂಡ.